ಪ್ರವಾಹ ತಡೆಯುವ ಮಣ್ಣಿನ ಅಣೆಕಟ್ಟನ್ನು ಖಾಲಿ ಇಡಬೇಕೇ, ತುಂಬಿಸಬೇಕೇ?

ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಒಂದು ಮಣ್ಣಿನ ಅಣೆಕಟ್ಟಿನ ಕೆಳಗೆ. ಕುಡಿಯುವ ನೀರಿಗೋ ಕರೆಂಟಿಗೋ ಕಟ್ಟಿದ್ದಲ್ಲ, ಹೊಳೆಯ ನೆರೆ ತಡೆಯುವುದಕ್ಕೆ ಅಂತಲೇ ಕಟ್ಟಿದ್ದು. ವರ್ಷದ ಬಹುಪಾಲು ದಿನ ಒಳಗೆ ನೀರು ನಿಲ್ಲುವುದೇ ಇಲ್ಲ. ಹೊಳೆ ತನ್ನ ಪಾಡಿಗೆ ತೂಬಿನಲ್ಲಿ ಹರಿದು ಹೋಗುತ್ತೆ, ಉಳಿದದ್ದೆಲ್ಲ ಹುಲ್ಲುಗಾವಲು. "ಇಷ್ಟು ದೊಡ್ಡ ಕಟ್ಟೆ ಕಟ್ಟಿ ಬರಿದಾಗಿ ಬಿಟ್ಟಿದ್ದಾರೆ, ತೂಬಿಗೆ ಗೇಟು ಹಾಕಿ ತುಂಬಿಸಿ" ಅಂತ ಈಗ ಸಭೆಗಳಲ್ಲಿ ಜೋರಾಗಿ ಕೇಳುತ್ತಿದ್ದಾರೆ. ಬೇಸಿಗೆಯಲ್ಲಿ ಬಾವಿ ಬತ್ತುವುದನ್ನು ಕಂಡಾಗ ನನಗೂ ಹೌದಲ್ಲ ಅನ್ನಿಸುತ್ತೆ. ನಮ್ಮ ಅತ್ತೆ ಮಾತ್ರ ಬೇಡವೇ ಬೇಡ ಅನ್ನುತ್ತಾರೆ. ಕಟ್ಟೆ ಆಗುವ ಮುಂಚಿನ ಒಂದು ನೆರೆ ಅವರಿಗೆ ಕಣ್ಣಿಗೆ ಕಟ್ಟಿದಂತಿದೆ. ಇಡೀ ರಾತ್ರಿ ಅಟ್ಟದ ಮೇಲೆ ಕೂತು, ಕೆಳಗೆ ಕತ್ತಲಲ್ಲಿ ಪಾತ್ರೆಗಳು ತೇಲಿ ಗೋಡೆಗೆ ಬಡಿಯುವ ಸದ್ದು ಕೇಳುತ್ತಾ ಬೆಳಗು ಮಾಡಿದ್ದನ್ನು ಈಗಲೂ ಹೇಳುತ್ತಾರೆ.

ಇನ್ನೊಂದು ವಿಷಯ. ಏರಿಯ ಹೊರಬುಡದಲ್ಲಿ ಎರಡು ಚಾಪೆ ಹಾಸುವಷ್ಟು ಜಾಗ ಸದಾ ಒದ್ದೆಯಾಗಿರುತ್ತೆ. ಸುತ್ತಲಿನ ಹುಲ್ಲು ಒಣಗಿದರೂ ಅಲ್ಲಿ ಹಸಿರು. ಇದಕ್ಕೆ ಹೆದರಬೇಕಾ? ತಿಳಿದವರು ದಯವಿಟ್ಟು ಹೇಳಿ.

ಮಣ್ಣುಕೆಲಸ

ಅಮ್ಮಾ, ನಿಮ್ಮ ಎರಡನೇ ಪ್ರಶ್ನೆಗೇ ಮೊದಲು ಬರುತ್ತೇನೆ, ಅದು ಕಾಯುವಂಥದ್ದಲ್ಲ. ಮೂವತ್ತು ವರ್ಷ ಮಣ್ಣಿನ ಅಣೆಕಟ್ಟುಗಳ ಮೇಲೆಯೇ ಕೆಲಸ ಮಾಡಿ ನಿವೃತ್ತನಾದವನು ನಾನು.

ಜಿನುಗದ ಏರಿ ಅಂತ ಒಂದಿಲ್ಲ. ಮಣ್ಣಿನೊಳಗೆ ನೀರು ಹಾಯ್ದೇ ಹಾಯುತ್ತೆ, ಅದಕ್ಕೆ ದಾರಿ ಮಾಡಿಕೊಟ್ಟೇ ಕಟ್ಟಿರುತ್ತಾರೆ. ನೀವು ನೋಡಬೇಕಾದ್ದು ಆ ನೀರು ತಿಳಿಯೋ ಬಗ್ಗಡವೋ ಅನ್ನುವುದನ್ನು. ಒದ್ದೆ ಜಾಗದಲ್ಲಿ ಅಂಗೈ ಅಗಲದ ಗುಂಡಿ ತೋಡಿ, ಕೆದಕಿದ ಮಣ್ಣು ಕೂತು ನೀರು ಶಾಂತವಾದ ಮೇಲೆ, ಹೊಸದಾಗಿ ಬರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿಯಿರಿ. ಅರ್ಧ ದಿನ ಅಲುಗಾಡಿಸದೆ ಇಡಿ. ತಳದಲ್ಲಿ ನುಣ್ಣನೆಯ ಮಣ್ಣು ಪದರವಾಗಿ ಕೂತರೆ ಆ ನೀರು ಕಟ್ಟೆಯ ಒಡಲಿನ ಮಣ್ಣನ್ನೇ ಹೊತ್ತು ತರುತ್ತಿರಬಹುದು. ಆಗ ಯೋಚನೆ ಮಾಡುತ್ತಾ ಕೂರಬೇಡಿ, ಕಟ್ಟೆ ನೋಡಿಕೊಳ್ಳುವವರಿಗೆ ಅವತ್ತೇ ತಿಳಿಸಿ.

ನಾವು ಇದಕ್ಕೆ ಪೈಪಿಂಗ್ ಅನ್ನುತ್ತೇವೆ. ಹೊರಗಡೆ ಒಂದೊಂದೇ ಕಣ ಕಳಚಿಕೊಂಡು ಹೋಗುತ್ತೆ, ಆ ತೂತು ಇಲಿಬಿಲದ ಹಾಗೆ ಒಳಕ್ಕೆ ಒಳಕ್ಕೆ ಬೆಳೆಯುತ್ತೆ. ಅಮೆರಿಕದ ಐಡಾಹೊದಲ್ಲಿ 93 ಮೀಟರ್ ಎತ್ತರದ ಟೀಟನ್ ಅಣೆಕಟ್ಟು ಮೊದಲ ಸಲ ತುಂಬುತ್ತಿತ್ತು. 1976ರ ಜೂನ್ 5ರ ಬೆಳಿಗ್ಗೆ ಏಳರ ಹೊತ್ತಿಗೆ ಬಲದಂಡೆಯ ಹತ್ತಿರ ಬಗ್ಗಡ ನೀರು ಕಾಣಿಸಿತು. ತೂತು ಮುಚ್ಚಲು ಎರಡು ಬುಲ್ಡೋಜರ್ ಇಳಿಸಿ ಮಣ್ಣು ತಳ್ಳಿಸಿದರು. ಯಂತ್ರಗಳೇ ಅದರೊಳಗೆ ಜಾರಿ ಹೋದವು, ಓಡಿಸುತ್ತಿದ್ದವರು ಹೇಗೋ ಪಾರಾದರು. ಮಧ್ಯಾಹ್ನ ಹನ್ನೆರಡಕ್ಕೆ ಕೆಲವೇ ನಿಮಿಷ ಇರುವಾಗ ಏರಿಯ ತಲೆಯೇ ಕುಸಿಯಿತು. 11 ಜನ ಸತ್ತರು. ಬಗ್ಗಡ ಕಂಡ ಮೇಲೆ ಸಿಕ್ಕಿದ್ದು ಐದೇ ಗಂಟೆ.

ನೀವು ಹೇಳಿದ ಜಾಗ ಹಳೆಯದಾಗಿದ್ದು, ನೀರು ತಿಳಿಯಾಗಿದ್ದು, ಅಗಲ ಬೆಳೆಯದಿದ್ದರೆ ಗಾಬರಿ ಬೇಡ. ಆದರೆ ಕಣ್ಣಿಟ್ಟಿರಿ.

ನಕ್ಷೆಪ್ರಿಯ

ಮೊದಲ ಪ್ರಶ್ನೆಗೆ ನನಗೆ ತಿಳಿದ ಅತ್ಯುತ್ತಮ ಉದಾಹರಣೆ ಅಮೆರಿಕದ ಒಹಾಯೊದ್ದು. 1913ರ ಮಾರ್ಚಿನಲ್ಲಿ ಗ್ರೇಟ್ ಮಯಾಮಿ ನದಿ ಉಕ್ಕಿ ಡೇಟನ್ ನಗರವನ್ನು ಮುಳುಗಿಸಿತು. ಆ ಕಣಿವೆಯಲ್ಲಿ 360ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನವರು ಹಣ ಕೂಡಿಸಿ ಆರ್ಥರ್ ಮಾರ್ಗನ್ ಅನ್ನುವ ಇಂಜಿನಿಯರ್ ಕೈಗೆ ಕೆಲಸ ಕೊಟ್ಟರು. 1922ರ ಹೊತ್ತಿಗೆ ಐದು ಮಣ್ಣಿನ ಅಣೆಕಟ್ಟು ಎದ್ದವು: ಜರ್ಮನ್‌ಟೌನ್, ಎಂಗಲ್‌ವುಡ್, ಲಾಕಿಂಗ್ಟನ್, ಟೇಲರ್ಸ್‌ವಿಲ್, ಹಫ್‌ಮನ್. ಐದರಲ್ಲೂ ಒಂದೇ ಒಂದು ಗೇಟು ಇಲ್ಲ.

ಏರಿಯ ತಳದಲ್ಲಿ ಕಾಂಕ್ರೀಟಿನ ತೆರೆದ ಕಂಡಿಗಳಿವೆ. ಕೆಳಗಿನ ನದಿ ತಾಳಿಕೊಳ್ಳುವಷ್ಟೇ ನೀರು ಅದರಲ್ಲಿ ಹೋಗುವಂತೆ ಅಳೆದು ಮಾಡಿದ್ದು. ಸಾಧಾರಣ ದಿನಗಳಲ್ಲಿ ನದಿ ಸರಾಗವಾಗಿ ಹರಿಯುತ್ತೆ. ನೆರೆ ಬಂದರೆ ಕಂಡಿ ಹಿಡಿಸದಷ್ಟು ನೀರು ತಾನಾಗಿ ಹಿಂದೆ ನಿಲ್ಲುತ್ತೆ, ಆಮೇಲೆ ತಾನಾಗಿ ಇಳಿಯುತ್ತೆ. ರಾತ್ರಿ ಎರಡು ಗಂಟೆಗೆ ಯಾರೂ ಎದ್ದು ಬಂದು ಏನೂ ತಿರುಗಿಸಬೇಕಿಲ್ಲ. ನೂರು ವರ್ಷದಿಂದ ಡೇಟನ್ ಅದರ ನೆರಳಲ್ಲಿ ನೆಮ್ಮದಿಯಾಗಿದೆ. ನನಗೆ ಇದಕ್ಕಿಂತ ಚಂದದ ಇಂಜಿನಿಯರಿಂಗ್ ಇನ್ನೊಂದು ಕಾಣುವುದಿಲ್ಲ.

ಒಳಹೊಲ

ನೀವೆಲ್ಲ ಕಟ್ಟೆಯ ಕೆಳಗಿನವರ ಮಾತು ಆಡುತ್ತಿದ್ದೀರಿ. ನನ್ನ ಹೊಲ ಇಂಥದ್ದೇ ಒಂದು ಕಟ್ಟೆಯ ಒಳಗಡೆ, ನೀರು ನಿಲ್ಲುವ ಜಾಗದಲ್ಲಿದೆ. ನೆರೆ ಬಂದ ವರ್ಷ ಪೈರು ಹತ್ತು ದಿನ ನೀರಡಿ ಕೊಳೆಯುತ್ತೆ. ಕೆಳಗಿನವರ ಮನೆ ಉಳಿಯಿತು ಅಂತ ಎಲ್ಲರಿಗೂ ಖುಷಿ. ನನ್ನ ಬೆಳೆ ಹೋಯಿತು ಅಂತ ಒಬ್ಬರೂ ಬಂದು ಕೇಳಿಲ್ಲ. ಪರಿಹಾರದ ಅರ್ಜಿ ಕೊಟ್ಟ ಕಚೇರಿಯಲ್ಲಿ ಮೂರು ಸಲ ಕಡತವೇ ಸಿಗಲಿಲ್ಲ. ಮಳೆಗಾಲದಲ್ಲಿ ಮುಳುಗಿಸುತ್ತೀರಿ, ಬೇಸಿಗೆಯಲ್ಲಿ ಒಂದು ಹನಿ ಉಳಿಸುವುದಿಲ್ಲ. ಹೇಗೂ ಮುಳುಗುವ ಜಾಗ, ಅರ್ಧ ತುಂಬಿಸಿಟ್ಟರೆ ಬೇಸಿಗೆ ಬೆಳೆಗಾದರೂ ಆಗುತ್ತೆ. ಇದನ್ನು ಕೇಳುವುದು ತಪ್ಪಾ?

ಮಣ್ಣುಕೆಲಸ

ತಪ್ಪಲ್ಲ ಅಣ್ಣಾ. ನಿಮ್ಮ ಹೊಟ್ಟೆಯುರಿ ನ್ಯಾಯವಾದದ್ದು. ಪರಿಹಾರದ ವಿಷಯದಲ್ಲಿ ಒಂದು ಮಾತು: ಡೇಟನ್‌ನವರು ಒಳಗಿನ ಜಮೀನಿನ ಬಹಳಷ್ಟನ್ನು ಮೊದಲೇ ಕೊಂಡುಕೊಂಡರು. ಆಮೇಲೆ ಅದರಲ್ಲಿ ಉಳುವ ಭೂಮಿಯನ್ನು, ನೀರು ನಿಲ್ಲಿಸುವ ಹಕ್ಕು ತಮ್ಮಲ್ಲೇ ಇಟ್ಟುಕೊಂಡು, ಬೇಸಾಯ ಮಾಡುವವರಿಗೆ ಮಾರಿದರು. ಮುಳುಗಡೆ ಇದೆ ಅನ್ನುವುದು ಕಾಗದದಲ್ಲೇ ಇತ್ತು, ಕ್ರಯದಲ್ಲಿ ಅದಕ್ಕೆ ಲೆಕ್ಕವೂ ಇತ್ತು. ನಿಮಗೆ ಆ ಲೆಕ್ಕ ಸಿಗಲೇಬೇಕು.

ಆದರೆ ಅರ್ಧ ತುಂಬಿಸುವ ಮಾತಿಗೆ ನಾನು ಒಪ್ಪುವುದಿಲ್ಲ. ಕೈಲಿ ಒಂದು ಲೆಕ್ಕ ಹಾಕೋಣ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಜಲಾಶಯ 2 ಟಿಎಂಸಿಯದ್ದು ಅಂದುಕೊಳ್ಳಿ. ಕೆಳಗಿನ ಹೊಳೆ ದಡ ಮೀರದೆ 15,000 ಕ್ಯೂಸೆಕ್, ಅಂದರೆ ಸೆಕೆಂಡಿಗೆ 15,000 ಘನ ಅಡಿ, ಹೊರುತ್ತೆ. ಒಂದು ಮಳೆಗೆ 12 ಗಂಟೆ ಕಾಲ ಸರಾಸರಿ 50,000 ಕ್ಯೂಸೆಕ್ ಒಳಹರಿವು ಬಂತು. ಹೊರಗೆ ಬಿಡುವ 15,000 ಕಳೆದರೆ ಉಳಿದ 35,000 ಕ್ಯೂಸೆಕ್ ಒಳಗೇ ನಿಲ್ಲಬೇಕು. 12 ಗಂಟೆಗೆ ಅದು ಸುಮಾರು 1.5 ಟಿಎಂಸಿ. ಜಲಾಶಯ ಖಾಲಿ ಇದ್ದರೆ ಇಡೀ ನೆರೆಯನ್ನು ನುಂಗಿ, ಇನ್ನೂ ಅರ್ಧ ಟಿಎಂಸಿಗೆ ಜಾಗ ಉಳಿಯುತ್ತೆ.

ಈಗ ಮೊದಲೇ 1 ಟಿಎಂಸಿ ತುಂಬಿಸಿಟ್ಟಿದ್ದೀರಿ. ಉಳಿದ ಜಾಗ ಎಂಟನೇ ಗಂಟೆಗೇ ಭರ್ತಿ. ಆಮೇಲಿನ ನಾಲ್ಕು ಗಂಟೆ ಬಂದದ್ದು ಬಂದಂತೆ ಕೋಡಿ ಬೀಳುತ್ತೆ, 15,000 ಹೊರುವ ಹೊಳೆಗೆ 50,000. ಎಂಟು ಗಂಟೆ ಏನೂ ಆಗಲಿಲ್ಲ ಅಂತ ಕೆಳಗಿನವರು ಮಲಗಿರುತ್ತಾರೆ. ಅರ್ಧ ತುಂಬಿಸಿದರೆ ಅರ್ಧ ರಕ್ಷಣೆ ಸಿಗುತ್ತೆ ಅಂತ ಜನ ಅಂದುಕೊಳ್ಳುತ್ತಾರೆ. ದೊಡ್ಡ ನೆರೆಯಲ್ಲಿ ಹಾಗಾಗುವುದಿಲ್ಲ, ನೆರೆ ಅತಿ ಹೆಚ್ಚು ಏರಿದ ಹೊತ್ತಿನ ನೀರು ಬರುವಾಗ ಜಾಗವೇ ಇರುವುದಿಲ್ಲ.

ಗೇಟುಮನೆ

ಮಣ್ಣುಕೆಲಸ ಸರ್ ಬರೆದ ಎಂಟನೇ ಗಂಟೆ ಓದಿ ಮೈ ಜುಮ್ಮೆಂದಿತು. ನಾನು ಗೇಟಿರುವ ಜಲಾಶಯದಲ್ಲಿ ಕೆಲಸ ಮಾಡುವವನು. ನೀರಾವರಿ, ವಿದ್ಯುತ್, ನೆರೆ ತಡೆ ಎಲ್ಲವೂ ಒಂದೇ ಜಲಾಶಯದ ತಲೆ ಮೇಲೆ. ಮಳೆಗಾಲದ ಕೊನೆಯಲ್ಲಿ ತುಂಬಿಸಿಡಿ ಅಂತ ಒತ್ತಡ. ಅದೇ ಹೊತ್ತಿಗೆ ಒಂದು ವಾಯುಭಾರ ಕುಸಿತ ಬಂದರೆ ಯಾಕೆ ತುಂಬಿಸಿದಿರಿ ಅಂತ ಬೈಗುಳ.

ಒಂದು ರಾತ್ರಿ ಹೇಳುತ್ತೇನೆ. ಗಂಟೆಗೊಮ್ಮೆ ಗೇಜು, ಅಂದರೆ ನೀರಿನ ಮಟ್ಟ ತೋರಿಸುವ ಪಟ್ಟಿ, ಓದಬೇಕು. ಟಾರ್ಚ್ ಹಿಡಿದು ಮೆಟ್ಟಿಲಿಳಿದು ಹೋದೆ. ಅಲೆ ಬಡಿಯುತ್ತಿದ್ದರಿಂದ ಪಟ್ಟಿಯ ಮೇಲಿನ ಗೆರೆ ಒಮ್ಮೆ ಕಾಣುತ್ತೆ, ಒಮ್ಮೆ ಮುಳುಗುತ್ತೆ. ಹತ್ತು ಅಲೆ ಎಣಿಸಿ ನಡುವಿನ ಮಟ್ಟ ಬರೆದುಕೊಂಡೆ. ಹಿಂದಿನ ಗಂಟೆಗಿಂತ ಒಂದೂಕಾಲು ಅಡಿ ಏರಿತ್ತು. ಮೇಲೆ ಬಂದರೆ ಫೋನು ಬಡಿದುಕೊಳ್ಳುತ್ತಿತ್ತು. ಒಬ್ಬರು ಗೇಟು ಇಳಿಸಿ, ಪಂಪ್‌ಸೆಟ್ ಮುಳುಗುತ್ತಿದೆ ಅನ್ನುತ್ತಾರೆ. ಇನ್ನೊಬ್ಬರು ಇನ್ನೂ ಎತ್ತಿ ಅನ್ನುತ್ತಾರೆ. ಬರೆದಿಟ್ಟ ನಿಯಮದಂತೆಯೇ ಎತ್ತಿದೆ. ಬೆಳಿಗ್ಗೆವರೆಗೆ ಕೈ ನಡುಕ ನಿಲ್ಲಲಿಲ್ಲ. ಗೇಟಿಲ್ಲದ ಕಂಡಿಯ ಬೆಲೆ ನನ್ನಂಥವರಿಗೆ ಗೊತ್ತು. ಮೇಡಂ, ಇದ್ದದ್ದನ್ನು ಹಾಗೇ ಉಳಿಸಿಕೊಳ್ಳಿ.

ಓದುವಹುಡುಗ

ನಾನು ಸಿವಿಲ್ ಎರಡನೇ ವರ್ಷ. ಒಂದು ಸಂದೇಹ ಸರ್. ಒಳಗೆ ಖಾಲಿ ಜಾಗ ಬಿಡಲೇಬೇಕು ಅಂದರೆ, ಕೋಡಿಯ ಮೇಲೆ ಹಲಗೆಯೋ ಮರಳುಮೂಟೆಯೋ ಇಟ್ಟು ಮೂರಡಿ ಎತ್ತರಿಸಿದರೆ ಅಷ್ಟು ನೀರು ಹೆಚ್ಚಿಗೆ ನಿಲ್ಲುವುದಿಲ್ಲವೇ? ಏರಿ ಇನ್ನೂ ಎತ್ತರ ಇದೆಯಲ್ಲ?

ಮಣ್ಣುಕೆಲಸ

ಮಗೂ, ಈ ಯೋಚನೆಯನ್ನು ಇವತ್ತೇ ತಲೆಯಿಂದ ತೆಗೆದುಹಾಕು. ಕೋಡಿಗೂ ಏರಿಯ ನೆತ್ತಿಗೂ ನಡುವಿನ ಜಾಗ ನೀರು ತುಂಬಿಸಲು ಬಿಟ್ಟದ್ದಲ್ಲ. ಕೋಡಿಯ ಮೇಲೆ ನೀರು ದಪ್ಪವಾಗಿ ಹರಿಯುವುದಕ್ಕೆ ಒಂದಷ್ಟು ಎತ್ತರ ಬೇಕು, ಅದರ ಮೇಲೆ ಗಾಳಿಯ ಅಲೆಗೆ ಒಂದಷ್ಟು. ಫ್ರೀಬೋರ್ಡ್ ಅಂತ ಪಾಠದಲ್ಲಿ ಓದಿರುತ್ತೀಯ. ಕೋಡಿ ಮುಚ್ಚಿದರೆ ಆ ನೀರು ಏರಿಯನ್ನೇ ಹತ್ತುತ್ತೆ.

ಕಾಂಕ್ರೀಟ್ ಕಟ್ಟೆಯ ಮೇಲೆ ಕೆಲವು ಗಂಟೆ ನೀರು ಹಾಯ್ದರೂ ಅದು ನಿಂತೀತು. ಮಣ್ಣಿನದ್ದು ನಿಲ್ಲುವುದಿಲ್ಲ. ನೀರು ಹೊರಮೈಯಲ್ಲಿ ಇಳಿಯುತ್ತಾ ವೇಗ ಪಡೆದು ಬುಡದ ಹತ್ತಿರ ಮಣ್ಣು ಕೀಳುತ್ತೆ. ಅಲ್ಲೊಂದು ಮೆಟ್ಟಿಲಿನಂಥ ಕೊರಕಲು ಬೀಳುತ್ತೆ, ಅದು ಹಿಂದಕ್ಕೆ ಕುಸಿಯುತ್ತಾ ನೆತ್ತಿ ಮುಟ್ಟುತ್ತೆ. ಆಮೇಲೆ ಕಟ್ಟೆ ಹಿಡಿದಿಟ್ಟ ಅಷ್ಟೂ ನೀರು ಒಂದೇ ಬಾಯಲ್ಲಿ.

ಗುಜರಾತಿನ ಮಚ್ಛು 2 ಅಣೆಕಟ್ಟಿನ ಕತೆ ನೀನು ಓದಲೇಬೇಕು. 1979ರ ಆಗಸ್ಟ್ 11. ನಡುವೆ ಗೇಟುಗಳಿದ್ದ ಕಲ್ಲಿನ ಕೋಡಿ, ಎರಡೂ ಬದಿ ಮಣ್ಣಿನ ಏರಿ. ಕೋಡಿಯನ್ನು ಸೆಕೆಂಡಿಗೆ 5,663 ಘನ ಮೀಟರ್ ಹರಿವಿಗೆ ಕಟ್ಟಿದ್ದರು. ಅವತ್ತು ಬಂದದ್ದು ಅದರ ಮೂರು ಪಟ್ಟಿಗೆ ಹತ್ತಿರ. ಮಣ್ಣಿನ ಎರಡೂ ರೆಕ್ಕೆ ಕೊಚ್ಚಿ ಹೋದವು, ಕಲ್ಲಿನ ಭಾಗ ಮಾತ್ರ ನಡುವೆ ನಿಂತಿತ್ತು. ಕೆಳಗಿನ ಮೋರ್ಬಿ ಊರಿನಲ್ಲಿ ಸಾವಿರಾರು ಜನ ಸತ್ತರು. ಅಂಥದ್ದಾದ ಮೇಲೆ ಕೋಡಿಯ ಲೆಕ್ಕವನ್ನು ಬಹಳ ಬಿಗಿಯಾಗಿ ಮಾಡಲಾಗುತ್ತದೆ. ದೊಡ್ಡ ಅಣೆಕಟ್ಟಿಗೆ ಆ ಜಲಾನಯನದಲ್ಲಿ ಬರಬಹುದಾದ ಅತಿ ಹೆಚ್ಚಿನ ಪ್ರವಾಹ ಎಷ್ಟೋ ಅಷ್ಟಕ್ಕೆ ಕೋಡಿ ಇರಬೇಕು. ನೂರು ವರ್ಷದ ದಾಖಲೆಯಲ್ಲಿ ಕಂಡಿಲ್ಲ ಅನ್ನುವ ಸಮಾಧಾನ ಅಲ್ಲಿ ನಡೆಯುವುದಿಲ್ಲ.

ಕೋಡಿ ಇದ್ದರಷ್ಟೇ ಸಾಲದು, ಅದರ ಕೆಳಗಿನ ನೆಲವೂ ಗಟ್ಟಿ ಇರಬೇಕು. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ 2017ರ ಫೆಬ್ರವರಿಯಲ್ಲಿ ಏರಿಗೆ ಏನೂ ಆಗಿರಲಿಲ್ಲ. ಮುಖ್ಯ ಕೋಡಿಯ ಕಾಂಕ್ರೀಟ್ ಹಾಸು ಕಿತ್ತುಹೋಯಿತು, ತುರ್ತು ಕೋಡಿಯ ಕೆಳಗಿನ ಬೆಟ್ಟದ ಮಣ್ಣು ಕೊರೆಯತೊಡಗಿತು. 1,88,000 ಜನರನ್ನು ಮನೆ ಬಿಡಿಸಬೇಕಾಯಿತು.

ನಕ್ಷೆಪ್ರಿಯ

ಖಾಲಿ ಜಾಗದ ಇನ್ನೊಂದು ಗಂಡಾಂತರ ಯಾರೂ ಹೇಳಲಿಲ್ಲ. ಹೂಸ್ಟನ್‌ನ ಆಡಿಕ್ಸ್ ಮತ್ತು ಬಾರ್ಕರ್ ಜಲಾಶಯಗಳೂ ಮಣ್ಣಿನ ಏರಿಯವೇ, 1940ರ ದಶಕದಲ್ಲಿ ನೆರೆ ತಡೆಗೆಂದೇ ಮುಗಿಸಿದ್ದು. ಸಾಧಾರಣ ದಿನಗಳಲ್ಲಿ ಒಣಗಿರುತ್ತವೆ. ಏರಿ ತುಂಬಿದರೆ ನೀರು ಎಲ್ಲಿಯವರೆಗೆ ಹರಡುತ್ತದೋ ಅಷ್ಟೂ ನೆಲವನ್ನು ಸರ್ಕಾರ ಕೊಂಡಿರಲಿಲ್ಲ. ಉಳಿದ ಅಂಚಿನಲ್ಲಿ ದಶಕಗಳ ಕಾಲ ಮನೆಗಳೆದ್ದವು. ಕೊಂಡವರಲ್ಲಿ ಬಹಳ ಜನರಿಗೆ ತಾವು ಜಲಾಶಯದ ಒಳಗಿದ್ದೇವೆ ಅಂತಲೇ ಗೊತ್ತಿರಲಿಲ್ಲ. 2017ರ ಆಗಸ್ಟಿನಲ್ಲಿ ಹಾರ್ವೆ ಚಂಡಮಾರುತ ಸುರಿದಾಗ ನೀರು ಹಿಂದಕ್ಕೆ ಏರಿ ಸಾವಿರಾರು ಮನೆ ಹೊಕ್ಕಿತು. ಏರಿ ಉಳಿಸಲು ಗೇಟು ತೆಗೆದದ್ದರಿಂದ ಕೆಳಗಿನವರ ಮನೆಗಳಿಗೂ ನುಗ್ಗಿತು. ಮೇಲಿನವರಿಗೆ ಆದ ನಷ್ಟಕ್ಕೆ ಸರ್ಕಾರವೇ ಹೊಣೆ ಅಂತ 2019ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು.

ನಮ್ಮ ದಾಮೋದರ ಕಣಿವೆಯಲ್ಲೂ ಇದರದ್ದೇ ಛಾಯೆ ಇದೆ. 1943ರ ನೆರೆಯ ನಂತರ ಹುಟ್ಟಿದ ಯೋಜನೆ. ತಿಲೈಯಾ, ಕೋನಾರ್, ಮೈಥಾನ್, ಪಂಚೇತ್ ಅಂತ 1953ರಿಂದ 1959ರೊಳಗೆ ನಾಲ್ಕು ಅಣೆಕಟ್ಟು ಕಟ್ಟಿದರು, ಮೂಲ ಯೋಜನೆಯಲ್ಲಿ ಇನ್ನೂ ಹೆಚ್ಚಿದ್ದವು. ಮೈಥಾನ್, ಪಂಚೇತ್‌ಗಳಲ್ಲಿ ಪೂರ್ತಿ ಮಟ್ಟದವರೆಗೆ ಜಮೀನು ಸ್ವಾಧೀನ ಆಗಲಿಲ್ಲ. ಹಾಗಾಗಿ ನೆರೆಗೆಂದು ಲೆಕ್ಕ ಹಾಕಿದ ಜಾಗ ಅಷ್ಟೂ ಬಳಕೆಗೆ ಸಿಗಲಿಲ್ಲ. ಒಳಹೊಲ ಅಣ್ಣನವರ ಪರಿಹಾರ ಬರೀ ಅವರೊಬ್ಬರ ಕಷ್ಟವಲ್ಲ ಅಂತ ಹೇಳಲು ಇದನ್ನು ಬರೆದೆ. ಒಳಗಿನ ಜಮೀನಿನ ಲೆಕ್ಕ ಸರಿಯಾಗಿ ತೀರದಿದ್ದರೆ ಕೆಳಗಿನವರ ರಕ್ಷಣೆಯೂ ಪೂರ್ತಿಯಾಗುವುದಿಲ್ಲ.

ಒಳಹೊಲ

ಇದನ್ನು ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನಕ್ಷೆಪ್ರಿಯ ಅವರಿಗೆ ಕೃತಜ್ಞತೆ. ಸರ್, ಅರ್ಧ ಬೇಡ, ತಳದಲ್ಲಿ ಹತ್ತಡಿಯಾದರೂ ನಿಲ್ಲಿಸಲು ಆಗದೇ?

ಮಣ್ಣುಕೆಲಸ

ಕೆಲವು ಕಡೆ ಆಗುತ್ತೆ. ಆದರೆ ಎಷ್ಟು ಅಡಿ ಅನ್ನುವುದಕ್ಕಿಂತ ಮೊದಲು ಕಟ್ಟೆಯ ಒಡಲಲ್ಲಿ ಏನಿದೆ ಅಂತ ನೋಡಬೇಕು.

ಒಳ್ಳೆಯ ಏರಿಯ ನಡುವೆ ಜೇಡಿಮಣ್ಣಿನ ಗರ್ಭ ಇರುತ್ತೆ, ಹಾರ್ಟಿಂಗ್ ಅನ್ನುತ್ತೇವೆ. ಎರಡೂ ಬದಿಗೆ ತೂಕ ಕೊಡುವ ಒರಟು ಮಣ್ಣು, ಅದು ಕೇಸಿಂಗ್. ಗರ್ಭದ ಹೊರಬದಿಗೆ ಮರಳಿನ ಫಿಲ್ಟರ್, ಹೊರಬುಡದಲ್ಲಿ ನೀರು ಬಸಿದುಹೋಗಲು ಕಲ್ಲಿನ ರಾಶಿ, ಅದು ಟೋ. ಜಿನುಗುವ ನೀರು ಹೊರಗೆ ಹೋಗಬೇಕು, ಮಣ್ಣಿನ ಕಣ ಒಳಗೇ ಉಳಿಯಬೇಕು, ಅದಕ್ಕೆ ಆ ಮರಳು. ಕಾಳು ತೀರಾ ದಪ್ಪ ಇದ್ದರೆ ಮಣ್ಣು ನುಸುಳಿ ಹೋಗುತ್ತೆ, ತೀರಾ ಸಣ್ಣ ಇದ್ದರೆ ನೀರೇ ಕಟ್ಟಿಕೊಳ್ಳುತ್ತೆ. ಆ ಗಾತ್ರದ ಲೆಕ್ಕವನ್ನು ಮಣ್ಣಿನ ಇಂಜಿನಿಯರಿಂಗಿಗೆ ಬುನಾದಿ ಹಾಕಿದ ಕಾರ್ಲ್ ಟೆರ್ಜಾಗಿ ಕೊಟ್ಟು ಹೋಗಿದ್ದಾರೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಮರಳನ್ನು ಮುಷ್ಟಿಯಲ್ಲಿ ಹಿಂಡಿ, ಕೈ ಬಿಚ್ಚಿದಾಗ ಉಂಡೆ ನಿಂತರೆ ಲಾರಿಯನ್ನೇ ವಾಪಸು ಕಳಿಸುತ್ತಿದ್ದರು. ಉಂಡೆ ನಿಲ್ಲುವ ಮರಳಿನಲ್ಲಿ ಜೇಡಿ ಬೆರೆತಿದೆ, ಅದು ಬಿರುಕು ಬಿಟ್ಟರೆ ಬಿರುಕಾಗೇ ಉಳಿಯುತ್ತೆ. ಶುದ್ಧ ಮರಳಾದರೆ ಜರಿದು ತಾನೇ ಮುಚ್ಚಿಕೊಳ್ಳುತ್ತೆ. ಆ ಮನುಷ್ಯನಿಂದ ಕಲಿತಷ್ಟು ನಾನು ಕಾಲೇಜಿನಲ್ಲೂ ಕಲಿತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ವರ್ಷಕ್ಕೆ ಹತ್ತು ದಿನ ನೀರು ನಿಲ್ಲುವ ಕಟ್ಟೆಯಲ್ಲಿ ಫಿಲ್ಟರ್ ಇಲ್ಲದೆಯೂ ಇರಬಹುದು. ನೀರು ಒಳಗೆ ಇಳಿದು ಹೊರಬದಿ ಮುಟ್ಟುವ ಮೊದಲೇ ಜಲಾಶಯ ಖಾಲಿಯಾಗುತ್ತೆ ಅನ್ನುವ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಅಂಥದ್ದರಲ್ಲಿ ಕಾಯಂ ಹತ್ತಡಿ ನಿಲ್ಲಿಸಿದರೆ ತಿಂಗಳುಗಟ್ಟಲೆ ಒಳಗೊಳಗೇ ತೇವ ಏರುತ್ತೆ, ಕಟ್ಟಿದವರು ಎಣಿಸದ ಸ್ಥಿತಿ ಬರುತ್ತೆ. ಇನ್ನೊಂದು ಕಡೆಯಿಂದಲೂ ಯೋಚಿಸಿ: ಒಣಗಿದ ಕಟ್ಟೆ ಬಿಸಿಲಿಗೆ ಬಿರುಕು ಬಿಡುತ್ತೆ, ಆದ್ದರಿಂದ ಅದಕ್ಕೆ ಪ್ರತಿ ದೊಡ್ಡ ನೆರೆಯೂ ಮೊದಲ ಸಲ ತುಂಬಿದ ಹಾಗೆ. ಮೊದಲ ಭರ್ತಿಯಲ್ಲೇ ಅವಘಡ ಹೆಚ್ಚು. ಟೀಟನ್ ಆಗಲೇ ಹೇಳಿದೆ. ಪುಣೆಯ ಮೇಲಿನ ಪಾನ್ಶೆತ್ ಕೂಡ ಕೆಲಸ ಪೂರ್ತಿ ಮುಗಿಯದೆ ಮೊದಲ ಮಳೆಗಾಲದ ನೀರು ನಿಂತಾಗಲೇ 1961ರ ಜುಲೈ 12ರಂದು ಒಡೆದದ್ದು.

ಹಾಗಾಗಿ ಮೂಲ ನಕ್ಷೆ ತೆಗೆಸಿ, ಏರಿಯಲ್ಲಿ ಕೊಳವೆ ಇಳಿಸಿ ನೀರಿನ ಮಟ್ಟ ಅಳೆದು, ಆಮೇಲೆ ಮಾತಾಡಬೇಕು. ಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನಿಸುವ ವಿಷಯ ಇದಲ್ಲ. ಬೇಸಿಗೆ ನೀರಿಗೆ ಕಟ್ಟೆಯ ಮೇಲ್ಭಾಗದ ಹಳ್ಳಗಳಲ್ಲಿ ಸಣ್ಣ ಹೊಂಡ ಮಾಡುವುದೇ ನಿಮಗೆ ಹೆಚ್ಚು ಒದಗೀತು ಅಂತ ನನ್ನ ಅನಿಸಿಕೆ.

ಗೇಟುಮನೆ

ಒಂದು ಸೇರಿಸುತ್ತೇನೆ. ನೆರೆ ಇಳಿದ ಮೇಲೆ ಬೇಗ ಖಾಲಿ ಮಾಡಿ ಅಂತಲೂ ಒತ್ತಡ ಬರುತ್ತೆ. ನೀರು ಸರಕ್ಕನೆ ಇಳಿದರೆ ಒಳಮೈ ಜಾರುತ್ತೆ. ಹೊರಗಿನ ನೀರಿನ ಆಸರೆ ಹೋಗಿರುತ್ತೆ, ಮಣ್ಣು ಮಾತ್ರ ಇನ್ನೂ ನೀರು ಕುಡಿದು ಭಾರವಾಗಿರುತ್ತೆ. ನಮ್ಮಲ್ಲಿ ದಿನಕ್ಕೆ ಇಷ್ಟೇ ಇಳಿಸಬೇಕು ಅಂತ ಮಿತಿ ಇದೆ.

ಹೊಳೆದಂಡೆ

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ವಾರ ಬರೆಯಲಾಗಲಿಲ್ಲ, ನಡೆದದ್ದು ಹೇಳುತ್ತೇನೆ.

ಲೋಟದ ಪರೀಕ್ಷೆ ನಾಲ್ಕು ದಿನ ಮಾಡಿದೆ. ನೀರು ತಿಳಿ, ತಳದಲ್ಲಿ ಏನೂ ಕೂರಲಿಲ್ಲ. ಆದರೂ ಕಟ್ಟೆ ನೋಡಿಕೊಳ್ಳುವವರನ್ನು ಕರೆತಂದು ತೋರಿಸಿದೆ. ಅವರು ಹಳೆಯ ನಕ್ಷೆ ತಂದಿದ್ದರು. ಒದ್ದೆ ಜಾಗದ ಕೆಳಗೆ ಟೋ ಡ್ರೈನಿನ, ಅಂದರೆ ಜಿನುಗು ನೀರನ್ನು ಬುಡದಿಂದ ಹೊರಬಿಡುವ ಕಾಲುವೆಯ, ಕೊಳವೆ ಬಾಯಿ ಇರಬೇಕು ಅಂತ ಅದರಲ್ಲಿತ್ತು. ದಾರಿ ಮಾಡಲು ಯಾರೋ ಸುರಿದ ಮಣ್ಣಿನಲ್ಲಿ ಅದು ಹೂತುಹೋಗಿತ್ತು. ಗುದ್ದಲಿಯಲ್ಲಿ ಬಿಡಿಸುತ್ತಿದ್ದಂತೆ ಗಳಗಳ ಅಂತ ನೀರು ಬಂತು. ಮೊದಲು ಕೆಂಪಗೆ, ಸುಮಾರು ಹತ್ತು ನಿಮಿಷಕ್ಕೆ ತಿಳಿಯಾಯಿತು. ಏರಿಯ ಮೇಲೆ ಬೆಳೆದಿದ್ದ ಎರಡು ಗಿಡಗಳನ್ನೂ ತೋರಿಸಿದೆ, ಬೇರು ದಾರಿ ಮಾಡುತ್ತೆ ಅಂತ ಅವರೇ ಒಪ್ಪಿಕೊಂಡು ತೆಗೆಸಿದರು.

ಸಭೆಯಲ್ಲಿ ಎಂಟನೇ ಗಂಟೆಯ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದೆ. ಅತ್ತೆಯೂ ಬಂದಿದ್ದರು. ತುಂಬಿಸುವ ಮಾತು ಪೂರ್ತಿ ನಿಂತಿಲ್ಲ, ಆದರೆ ಪರಿಶೀಲನೆ ಆಗುವವರೆಗೆ ಗೇಟು ಹಾಕುವುದಿಲ್ಲ ಅಂತ ಬರೆದುಕೊಂಡಿದ್ದಾರೆ. ಒಳಗಿನ ಜಮೀನಿನವರ ಪರಿಹಾರವನ್ನೂ ಅದೇ ಕಾಗದದಲ್ಲಿ ಸೇರಿಸಿ ಅಂತ ನಾನೇ ಕೇಳಿದೆ.

ಮಣ್ಣುಕೆಲಸ

ಓದಿ ಕಣ್ಣು ತುಂಬಿತಮ್ಮಾ. ಇನ್ನೊಂದು ಕೆಲಸ ಮಾಡಿ. ಆ ಕೊಳವೆಯ ಬಾಯಿಗೆ ಬಕೆಟ್ ಹಿಡಿದು ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. ಅದೇ ದಿನದ ಜಲಾಶಯದ ಮಟ್ಟವನ್ನೂ ಪಕ್ಕದಲ್ಲಿ ಬರೆಯಿರಿ. ಮಟ್ಟ ಏರಿದಾಗ ಹರಿವು ಏರಿದರೆ ಸಹಜ. ಮಟ್ಟ ಅಷ್ಟೇ ಇದ್ದು ಹರಿವು ಮಾತ್ರ ಏರಿದರೆ, ಅಥವಾ ಹರಿಯುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತರೆ, ನನಗೆ ತಕ್ಷಣ ತಿಳಿಸಿ. ನಿಲ್ಲುವುದೂ ಒಳ್ಳೆಯ ಸೂಚನೆಯಲ್ಲ, ನೀರು ಬೇರೆ ದಾರಿ ಹಿಡಿದಿರಬಹುದು.

ಹೊಳೆದಂಡೆ

ಇವತ್ತಿನದು ಸರ್: ಬಕೆಟ್ 20 ಲೀಟರಿನದು, ಮೂರು ಸಲ ಹಿಡಿದೆ. 48, 47, 48 ಸೆಕೆಂಡ್. ಗೇಜಿನಲ್ಲಿ ನಾಲ್ಕಡಿ ಎರಡಂಗುಲ. ನೀರು ತಿಳಿ. ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೇನೆ, ನಾಳೆ ಬೆಳಿಗ್ಗೆ ಮತ್ತೆ ನೋಡುತ್ತೇನೆ.